ಗುಣ ಗುಹೆ: ಹೋಗುವ ಮುನ್ನ ತಿಳಿದಿರಬೇಕಾದ ವಿಷಯಗಳು

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿರುವ ನಮ್ಮ ಮನೆಗಳಿಗೆ ಕರ್ನಾಟಕದಿಂದ ನೆಂಟರು ಬಂದರೆ ಕೊಡೈಕೆನಾಲ್ ಪ್ರವಾಸದ ಮಾತು ಬಂದೇ ಬರುತ್ತದೆ. 2024ರಲ್ಲಿ ‘ಮಂಜುಮ್ಮೆಲ್ ಬಾಯ್ಸ್’ ಎಂಬ ಮಲಯಾಳಂ ಚಿತ್ರ ಬಂದ ಮೇಲಂತೂ ಬಹಳ ಮಂದಿ ಮೊದಲು ಕೇಳುವುದು ಗುಣ ಗುಹೆಯನ್ನೇ. ಆದ್ದರಿಂದ ಆ ಸ್ಥಳದ ಬಗ್ಗೆ ಸದಸ್ಯರಿಗೆ ಉಪಯೋಗವಾಗುವ ಮಾಹಿತಿಯನ್ನು ಇಲ್ಲಿ ಕೊಡುತ್ತಿದ್ದೇವೆ.

ಹೆಸರು, ಹಿನ್ನೆಲೆ

ಗುಹೆ ಇರುವುದು ನಮ್ಮ ನೆರೆಯ ದಿಂಡಿಗಲ್ ಜಿಲ್ಲೆಯಲ್ಲಿ, ಕೊಡೈಕೆನಾಲಿನ ಪಿಲ್ಲರ್ ರಾಕ್ಸ್ ಪಕ್ಕದಲ್ಲಿ. 1821ರಲ್ಲಿ ಪಳನಿ ಬೆಟ್ಟಗಳಿಗೆ ಬಂದ ಬ್ರಿಟಿಷ್ ಅಧಿಕಾರಿ ಬಿ. ಎಸ್. ವಾರ್ಡ್ ಇದನ್ನು ಗುರುತಿಸಿದರು ಎನ್ನುತ್ತಾರೆ. ಆಂಗ್ಲರು ಇಟ್ಟ ಹೆಸರು ‘ಡೆವಿಲ್ಸ್ ಕಿಚನ್’, ಅಂದರೆ ದೆವ್ವದ ಅಡುಗೆಮನೆ. ಪಾಂಡವರು ಇಲ್ಲಿ ಅಡುಗೆ ಮಾಡಿದ್ದರೆಂಬ ಕಥೆಯೂ ಉಂಟು. ಕಮಲ್ ಹಾಸನ್ ಅಭಿನಯದ ‘ಗುಣ’ ಚಿತ್ರ 1991ರಲ್ಲಿ ತೆರೆಕಂಡ ನಂತರ ಆ ಚಿತ್ರದ ಹೆಸರೇ ಗುಹೆಗೆ ಉಳಿಯಿತು.

ಅಪಾಯ ಎಲ್ಲಿದೆ?

ಗುಹೆ ಎಂದರೆ ಒಳಗೆ ನಡೆದು ಹೋಗುವ ಜಾಗ ಎಂದು ನಾವು ಭಾವಿಸುತ್ತೇವೆ. ಇದು ಹಾಗಲ್ಲ. ದೊಡ್ಡ ದೊಡ್ಡ ಬಂಡೆಗಳ ನಡುವೆ ನೇರವಾಗಿ ಕೆಳಕ್ಕೆ ಇಳಿಯುವ ಆಳವಾದ ಬಿರುಕುಗಳು ಇವು, ಬಾವಿಯ ಹಾಗೆ. ಕೆಲವು ಬಿರುಕುಗಳ ಬಾಯಿ ತರಗೆಲೆ, ಬೇರು, ಪಾಚಿಗಳ ನಡುವೆ ಕಣ್ಣಿಗೆ ಬೀಳುವುದಿಲ್ಲ. ಮಂಜು, ಮಳೆ ಇದ್ದರೆ ಬಂಡೆ ಜಾರುತ್ತದೆ.

ಇಲ್ಲಿ ಬಿದ್ದು ಪ್ರಾಣ ಕಳೆದುಕೊಂಡವರು ಹತ್ತಕ್ಕೂ ಹೆಚ್ಚು ಎನ್ನಲಾಗುತ್ತದೆ. 2006ರಲ್ಲಿ ಎರ್ನಾಕುಲಂ ಬಳಿಯ ಮಂಜುಮ್ಮೆಲ್‌ನಿಂದ ಬಂದ ಗೆಳೆಯರ ಗುಂಪಿನ ಒಬ್ಬ ಯುವಕ ಬಿದ್ದಾಗ, ಜೊತೆಗಾರನೊಬ್ಬ ಹಗ್ಗ ಕಟ್ಟಿಕೊಂಡು ಇಳಿದು ಅವನನ್ನು ಜೀವಂತ ಮೇಲೆ ತಂದ. ಆ ಸಾಹಸಕ್ಕೆ ಮುಂದೆ ಜೀವನ್ ರಕ್ಷಾ ಪದಕ ಸಂದಿತು. ಚಿತ್ರದ ಕಥೆ ಇದೇ. ಅದಕ್ಕೂ ಮೊದಲು ಬಿದ್ದವರು ಯಾರೂ ಬದುಕಿ ಬಂದಿರಲಿಲ್ಲ ಎಂಬುದು ಸ್ಥಳೀಯರ ಮಾತು. ಚಿತ್ರ ನೋಡಿ ಉತ್ಸಾಹಗೊಳ್ಳುವ ನಮ್ಮ ಹುಡುಗರು ಈ ಕೊನೆಯ ಮಾತನ್ನು ಮರೆಯಬಾರದು.

ನೋಡಲು ಏನಿದೆ?

ಗುಹೆಯೊಳಗೆ ಪ್ರವೇಶವಿಲ್ಲ, ಕಬ್ಬಿಣದ ಬೇಲಿಯ ಹೊರಗಿನಿಂದಲೇ ನೋಡಬೇಕು. ಆದರೂ ನಿರಾಸೆಯಾಗುವುದಿಲ್ಲ. ಶೋಲಾ ಕಾಡಿನ ಮರಗಳ ಬೇರುಗಳು ನೆಲದ ಮೇಲೆಯೇ ಹಾವುಗಳಂತೆ ಹೆಣೆದುಕೊಂಡು ಹರಡಿವೆ. ಪಕ್ಕದಲ್ಲೇ ಸುಮಾರು 400 ಅಡಿ ಎತ್ತರದ ಮೂರು ಕಲ್ಲುಕಂಬಗಳು. ಮಂಜು ಸರಿದಾಗ ಕಾಣುವ ಕಣಿವೆಯ ನೋಟಕ್ಕೆ ಸ್ವಲ್ಪ ಕಾಯಬೇಕು. ಪೈನ್ ತೋಪು, ಮೋಯರ್ ಪಾಯಿಂಟ್ ಇದೇ ದಾರಿಯಲ್ಲಿವೆ.

ಹೋಗುವ ದಾರಿ, ಸೂಚನೆಗಳು

ಕೊಯಮತ್ತೂರಿನವರು ಪೊಳ್ಳಾಚಿ, ಉಡುಮಲೈ ಮೂಲಕ, ತಿರುಪ್ಪೂರಿನವರು ಧಾರಾಪುರಂ ಮೂಲಕ ಪಳನಿ ತಲುಪಬಹುದು. ಅಲ್ಲಿಂದ ಕೊಡೈಕೆನಾಲಿಗೆ ಸುಮಾರು 65 ಕಿ.ಮೀ. ಘಾಟಿ ರಸ್ತೆ.

• ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಪ್ರವಾಸಿ ವಾಹನಗಳಿಗೆ ಇ-ಪಾಸ್ ಬೇಕು. ಹೊರಡುವ ಮೊದಲೇ ಆನ್‌ಲೈನಿನಲ್ಲಿ ಪಡೆಯಿರಿ.
• ಬೇರುಗಳ ಮೇಲೆ ಎಡವುವುದು ಸುಲಭ. ಹಿಡಿತವಿರುವ ಪಾದರಕ್ಷೆ ಧರಿಸಿ, ಮಕ್ಕಳ ಕೈ ಬಿಡಬೇಡಿ.
• ಫೋಟೋಗಾಗಿ ಬೇಲಿ ದಾಟಬೇಡಿ, ದಾಟುವವರನ್ನು ತಡೆಯಿರಿ.
• ಪ್ಲಾಸ್ಟಿಕ್ ಬಾಟಲಿ ಒಯ್ಯಬೇಡಿ. ಕೋತಿಗಳಿಗೆ ತಿಂಡಿ ಹಾಕಬೇಡಿ.

ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಎನ್ನುವ ನಮಗೆ ಎಚ್ಚರಿಕೆಯ ತಮಿಳು ಫಲಕಗಳನ್ನು ಓದುವುದು ಕಷ್ಟವಲ್ಲ. ಕರ್ನಾಟಕದಿಂದ ಬಂದ ನೆಂಟರಿಗೆ ಅದು ಬಾರದು. ಅವರಿಗೆ ಓದಿ ಹೇಳುವುದು, ಬೇಲಿಯ ಈಚೆಗೇ ನಿಲ್ಲಿಸಿ ಕ್ಷೇಮವಾಗಿ ಮನೆಗೆ ಕರೆತರುವುದು ಕರೆದುಕೊಂಡು ಹೋದ ನಮ್ಮ ಹೊಣೆ.