ಸೋಪಿಗಿಂತ ಮುಂಚೆ, ಭಾಗ 4: ಅಂಟುವಾಳ ಮತ್ತು ನಮ್ಮ ಚಿನ್ನಿ

ಹೋದ ಮಳೆಗಾಲದಲ್ಲಿ ನಮ್ಮ ಬೆಕ್ಕು ಚಿನ್ನಿ ಇದ್ದಕ್ಕಿದ್ದಂಗೆ ಜೊಲ್ಲು ಸುರಿಸೋಕೆ ಶುರು ಮಾಡ್ತು. ನಡೆಯೋಕೆ ಹೋದ್ರೆ ತೂರಾಡ್ತಿತ್ತು. ಕಾರಣ ನಾನೇ. ಯಾವುದೋ ವಿಡಿಯೋ ನೋಡಿ ಮನೇಲೇ ಬಟ್ಟೆ ಒಗೆಯೋ ಲಿಕ್ವಿಡ್ ಮಾಡಿದ್ದೆ. ಘಮ ಇರ್ಲಿ ಅಂತ ಟೀ ಟ್ರೀ ಎಣ್ಣೆ ಸುರಿದು ಅದರ ಹಾಸಿಗೆ ಒಗೆದಿದ್ದೆ. ನ್ಯಾಚುರಲ್ ತಾನೇ ಅಂತ! ಬೆಕ್ಕು ಮೈ ನೆಕ್ಕಿಕೊಳ್ಳುತ್ತೆ, ಬಟ್ಟೇಲಿದ್ದದ್ದು ಹೊಟ್ಟೆಗೆ ಹೋಗುತ್ತೆ, ಆ ಎಣ್ಣೆಯನ್ನ ಅರಗಿಸೋ ಶಕ್ತಿ ಅದರ ಲಿವರ್‌ಗೆ ಇಲ್ಲ ಅಂದ್ರು ಡಾಕ್ಟರ್. ಚಿನ್ನಿ ಉಳೀತು. ಆಮೇಲೆ ನಾನು ಅಜ್ಜಿ ಹತ್ರ ಕೂತು ಕೇಳಿದೆ: ಮೊದ್ಲು ನೀವೆಲ್ಲ ಹೆಂಗೆ ಒಗೀತಿದ್ರಿ?

ಒಂದು ಯೋಚನೆ ಮಾಡಿ. 12ನೇ ಶತಮಾನದ ಶರಣ ಮಡಿವಾಳ ಮಾಚಿದೇವರ ಕಾಯಕವೇ ಬಟ್ಟೆ ಒಗೆಯೋದು. ಆಗ ಪೌಡರ್ ಎಲ್ಲಿತ್ತು? ನಮ್ಮ ಕಡೆ ಮಡಿವಾಳರು ತಲೆತಲಾಂತರದಿಂದ ನಂಬಿದ್ದು ಚೌಳು ಮಣ್ಣು ಮತ್ತು ಸೌದೆ ಬೂದಿ ಸೋಸಿದ ನೀರನ್ನ. ಎರಡೂ ಕ್ಷಾರ. ಹತ್ತಿ ಬಟ್ಟೆ ತಡ್ಕೊಳ್ಳುತ್ತೆ, ಆದ್ರೆ ರೇಷ್ಮೆ, ಉಣ್ಣೆ ಪ್ರೋಟೀನ್ ಅಲ್ವಾ, ಕ್ಷಾರಕ್ಕೆ ಹಾಳಾಗುತ್ತೆ. ಅಲ್ಲಿಗೆ ಬಂದದ್ದೇ ಅಂಟುವಾಳ. ಅದರ ಸಿಪ್ಪೇಲಿರೋ ಸಪೋನಿನ್ ನೊರೆ ಕೊಡುತ್ತೆ, ಕೊಳೆ ಬಿಡಿಸುತ್ತೆ, ರೇಷ್ಮೆ ಕೆಡಿಸಲ್ಲ. ಅಜ್ಜಿ ಮದುವೆ ಸೀರೆ ಇವತ್ತಿಗೂ ಬೇರೆ ಏನನ್ನೂ ಮುಟ್ಟಿಲ್ಲ. ಲಿನ್ನೇಯಸ್ 1753ರಲ್ಲಿ ಈ ಮರದ ಕುಲಕ್ಕೆ ಇಟ್ಟ ಹೆಸರು ಸಪಿಂಡಸ್, ಅಂದ್ರೆ ಭಾರತದ ಸೋಪು!

ಆಮೇಲಿನ ಕಥೆ ಬೇಗ ಮುಗಿಯುತ್ತೆ. 1888ರಲ್ಲಿ ಕಲ್ಕತ್ತಾ ಬಂದರಿಗೆ ಸನ್‌ಲೈಟ್ ಸೋಪು ಬಂತು, 1959ರಲ್ಲಿ ಸರ್ಫ್. 1969ರಲ್ಲಿ ಕರ್ಸನ್‌ಭಾಯ್ ಪಟೇಲ್ ಅಹಮದಾಬಾದಲ್ಲಿ ಸೈಕಲ್ ಮೇಲೆ ನಿರ್ಮಾ ಮಾರೋಕೆ ಹೊರಟ್ರು (ಬಿಕಾಂನವರೇ, ಮಾರ್ಕೆಟಿಂಗ್ ಕ್ಲಾಸಲ್ಲಿ ಇದನ್ನ ಎಷ್ಟು ಸಲ ಕೇಳಿದ್ದೀವಿ!). ಪೌಡರ್ ಅಗ್ಗ ಆಯ್ತು, ಅಂಟುವಾಳ ಅಟ್ಟ ಸೇರ್ತು. ನಮ್ಮಮ್ಮನನ್ನ ನಾನು ದೂರಲ್ಲ. ಬೂದಿ ನೀರಲ್ಲಿ ಕೈ ಒಡೆಸಿಕೊಂಡವರಿಗೆ ಪೌಡರ್ ಬಿಡುಗಡೆನೇ.

ಈಗ ನಾನು ಮಾಡೋದು ಇಷ್ಟು. ಹತ್ತು ಅಂಟುವಾಳ, ಬೀಜ ತೆಗೆದು, ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ 20 ನಿಮಿಷ ಕುದಿಸಿ, ಕಿವುಚಿ ಸೋಸೋದು. ಫ್ರಿಜ್‌ನಲ್ಲಿಟ್ಟು ನಾಲ್ಕೈದು ದಿನದೊಳಗೆ ಮುಗಿಸ್ಬೇಕು, ಹುಳಿ ವಾಸನೆ ಬಂದ್ರೆ ಚೆಲ್ಲಿ. ಯಾವ ಎಣ್ಣೆನೂ ಬೇಡ, ಬೋರಾಕ್ಸೂ ಬೇಡ. ಬಟ್ಟೆ ಎರಡು ಸಲ ಜಾಲಿಸಿ, ಬಿಸಿಲಿಗೆ ಹಾಕಿ. ನಿಜ ಹೇಳ್ಬೇಕಂದ್ರೆ ಎಣ್ಣೆ ಕಲೆ ಪೂರ್ತಿ ಹೋಗಲ್ಲ, ಬಿಳಿ ಬಟ್ಟೆ ಫಳಫಳ ಅನ್ನಲ್ಲ. ಬೆಕ್ಕಿನ ಹಾಸಿಗೆಗೆ ಫಳಫಳ ಯಾಕೆ ಬೇಕು?

ಇದನ್ನೂ ನಾಯಿ, ಬೆಕ್ಕು ಕುಡಿಯೋ ಹಂಗೆ ಬಕೆಟಲ್ಲಿ ಬಿಟ್ಟು ಹೋಗ್ಬೇಡಿ, ವಾಂತಿ ಆಗುತ್ತೆ. ಮೀನಿನ ತೊಟ್ಟಿ ಇದ್ರೆ ಒಂದು ಹನಿನೂ ಆ ಕಡೆ ಬೀಳ್ಬಾರ್ದು. ಸಪೋನಿನ್ ಮೀನಿನ ಕಿವಿರಿಗೆ ವಿಷ, ಹಿಂದೆ ಹೊಳೇಲಿ ಮೀನು ಹಿಡಿಯೋಕೂ ಇಂಥ ಕಾಯಿ ಜಜ್ಜಿ ಹಾಕ್ತಿದ್ರು.

ಮುಂದಿನ ಭಾಗ ಸೀಗೆಕಾಯಿ. ನಿಮ್ಮ ಅಜ್ಜಿ ಏನರಲ್ಲಿ ಒಗೀತಿದ್ರು, ಕೇಳಿ ಬಂದು ಕೆಳಗೆ ಬರೀರಿ.