ಗೋಡೆಯ ಮೇಲಿನ ಪಟ

ನಿಮ್ಮ ಹಳೆಯ ಮನೆಯ ಗೋಡೆಯನ್ನೊಮ್ಮೆ ನೋಡಿ. ಮರದ ಕಟ್ಟಿನೊಳಗೆ ಕಮಲದ ಮೇಲೆ ನಿಂತ ಲಕ್ಷ್ಮಿಯೋ ವೀಣೆ ಹಿಡಿದ ಸರಸ್ವತಿಯೋ ಇರಬಹುದು. ನಾವು ಅದನ್ನು ಪಟ ಎನ್ನುತ್ತೇವೆ. ಕಾಸರಗೋಡಿನ ಮಲಯಾಳಿ ನೆರೆಯವರಿಗೆ ಅದು ‘ಪಡಂ’, ರಾಯದುರ್ಗದ ತೆಲುಗರಿಗೆ ‘ಪಟಂ’, ಅಕ್ಕಲಕೋಟೆಯ ಮರಾಠಿಗರಿಗೆ ‘ತಸಬೀರ’. ಹೆಸರು ಬೇರೆಬೇರೆಯಾದರೂ ಹಳೆಯ ಪಟಗಳಲ್ಲಿ ಅನೇಕವು ಹೊರಟ ಮನೆ ಒಂದೇ.

ಕೇರಳದ ಕಿಳಿಮಾನೂರಿನಲ್ಲಿ 1848ರಲ್ಲಿ ಹುಟ್ಟಿದ ರಾಜಾ ರವಿವರ್ಮರು ಅರಮನೆಗಳಿಗೆ ತೈಲಚಿತ್ರ ಬರೆದುಕೊಟ್ಟವರು. ಅವರ ಕೆಲವು ಮೂಲಚಿತ್ರಗಳು ಮೈಸೂರಿನ ಜಗನ್ಮೋಹನ ಅರಮನೆಯ ಸಂಗ್ರಹದಲ್ಲಿವೆ. ಅರಮನೆಯ ಚಿತ್ರ ಸಾಮಾನ್ಯರ ಮನೆ ಹೊಕ್ಕದ್ದು 1894ರಲ್ಲಿ ಅವರು ಮುಂಬಯಿಯಲ್ಲಿ ಅಚ್ಚುಕೂಟ ತೆರೆದ ಮೇಲೆ. ಒಂದೊಂದು ಬಣ್ಣಕ್ಕೆ ಒಂದೊಂದು ಸುಣ್ಣಕಲ್ಲಿನಂತೆ ಚಿತ್ರ ಬಿಡಿಸಿ, ಒಂದೇ ಹಾಳೆಯನ್ನು ಮತ್ತೆ ಮತ್ತೆ ಒತ್ತಿ, ತೈಲಚಿತ್ರದ ಹೊಳಪು ಬರಲೆಂದು ವಾರ್ನಿಷ್ ಬಳಿಯುತ್ತಿದ್ದರು. ಮುಂದೆ ಅಚ್ಚುಕೂಟ ಲೋಣಾವಳದ ಬಳಿಯ ಮಳವಲಿಗೆ ಹೋಯಿತು. ಜರ್ಮನ್ ತಂತ್ರಜ್ಞ ಶ್ಲೈಷರ್ ಅವರ ಕೈಸೇರಿತು. ರವಿವರ್ಮರು 1906ರಲ್ಲಿ ತೀರಿಕೊಂಡರೂ ಅಚ್ಚು ನಿಲ್ಲಲಿಲ್ಲ. 1972ರಲ್ಲಿ ಬೆಂಕಿ ಬಿದ್ದು ಆ ಕಾರ್ಖಾನೆ ನಾಶವಾಯಿತು.

ಹಾಗಾಗಿ ಉಳಿದ ಚರಿತ್ರೆ ಬಹುಪಾಲು ನಮ್ಮ ನಿಮ್ಮ ಗೋಡೆಗಳ ಮೇಲಿದೆ. ಕೆಲವು ಮನೆಗಳಲ್ಲಿ ಹೆಂಗಸರು ದೇವಿಯ ಸೀರೆಗೆ ಜರಿ, ಚಮಕಿ ಅಂಟಿಸಿ ಅಚ್ಚಿನ ಪಟವನ್ನು ತಮ್ಮದನ್ನಾಗಿ ಮಾಡಿಕೊಂಡರು. ಬಡಗಿ ಮುಂದೆ ಗಾಜು, ಹಿಂದೆ ತೆಳು ಹಲಗೆ ಹಾಕಿ ಕಟ್ಟು ಕೂರಿಸಿದ. ಗಾಜು ದೀಪದ ಹೊಗೆಯಿಂದ ಪಟವನ್ನು ಕಾಯಿತು. ಹಲಗೆಯ ಹುಳಿಯಂಶ ಮಾತ್ರ ಕಾಗದಕ್ಕಿಳಿದು ಕಂದು ಗೆರೆ ಮೂಡಿಸಿತು. ಎಷ್ಟೋ ಕಡೆ ಕಟ್ಟಿನ ಅಳತೆಗೆಂದು ಅಂಚು ಕತ್ತರಿಸಿದರು. ಅಲ್ಲಿ ಅಚ್ಚಾಗಿದ್ದ ಅಚ್ಚುಕೂಟದ ಹೆಸರೂ ಅದರೊಡನೆ ಹೋಯಿತು.

ಗಾಜು ಒಡೆದರೆ ಅಶುಭವೆಂದು ಪಟವನ್ನು ಅಶ್ವತ್ಥಕಟ್ಟೆಯಲ್ಲಿಟ್ಟು ಬರುವವರಿದ್ದಾರೆ. ಒಡೆದದ್ದು ಗಾಜು, ಪಟವಲ್ಲ. ಹಿಂಬದಿಯನ್ನು ಮೆಲ್ಲಗೆ ಬಿಚ್ಚಿ ನೋಡಿ. ಅಜ್ಜನ ಕೈಬರಹವೋ ಹಳೆಯ ಪತ್ರಿಕೆಯ ತುಂಡೋ ಸಿಕ್ಕರೆ ಜೋಪಾನ ಮಾಡಿ. ಹಾಳೆ ಗಾಜಿಗೆ ಅಂಟಿಕೊಂಡಿದ್ದರೆ ಎಳೆಯಬೇಡಿ, ಬಲ್ಲವರಿಗೆ ತೋರಿಸಿ. ಒದ್ದೆಬಟ್ಟೆ ತಾಗಿಸಬೇಡಿ, ಅಂಟುಟೇಪು ಹಚ್ಚಬೇಡಿ. ಹೊಸ ಕಟ್ಟು ಹಾಕಿಸುವಾಗ ಹಿಂದೆ ಹುಳಿಯಂಶವಿಲ್ಲದ ಹತ್ತಿಕಾಗದದ ರಟ್ಟು ಹಾಕಿಸಿ. ಗಾಜಿಗೂ ಪಟಕ್ಕೂ ನಡುವೆ ಅದೇ ರಟ್ಟಿನ ಅಂಚುಪಟ್ಟಿ ಕೊಡಿಸಿ. ಬಿಸಿಲು ಬೀಳದ, ಮಳೆಗಾಲದಲ್ಲಿ ತೇವ ಹಿಡಿಯದ ಗೋಡೆಗೆ ತೂಗುಹಾಕಿ.

ಮುಖ್ಯವಾಗಿ, ಅಂಚು ಕತ್ತರಿಸಲು ಬಿಡಬೇಡಿ. ಪಟಕ್ಕೆ ತಕ್ಕಂತೆ ಕಟ್ಟು ಇರಲಿ, ಕಟ್ಟಿಗೆ ತಕ್ಕಂತೆ ಪಟ ಬೇಡ. ಕೇರಳದ ಕುಂಚ, ಮಹಾರಾಷ್ಟ್ರದ ಅಚ್ಚು, ಕನ್ನಡ ಮನೆಯ ಗೋಡೆ: ಈ ಮೂರೂ ಕೂಡಿದ ಕಥೆಯನ್ನು ಮಕ್ಕಳಿಗೆ ಹೇಳಲು ಆ ಅಂಚಿನ ಒಂದು ಸಾಲು ಬೇಕು.