ಸೂಜಿಮದ್ದೂ ತಕ್ಕಡಿಯೂ

ಕೊಳ್ಳೇಗಾಲದಲ್ಲಿ ಹುಟ್ಟಿದವನಿಗೆ ತಕ್ಕಡಿಯ ಪರಿಚಯ ತೊಟ್ಟಿಲಿನಿಂದಲೇ ಆಗುತ್ತದೆ. ರೇಷ್ಮೆಯ ಊರು ನಮ್ಮದು. ಹನೂರಿನ ಕಡೆಯ ಗೂಡಾಗಲಿ, ಯಳಂದೂರಿನ ಕಡೆಯ ನೂಲಾಗಲಿ, ತೂಗದೆ ಕೈ ಬದಲಾಗುವುದಿಲ್ಲ. ಅಂಥ ಊರಿನ ನಮ್ಮವ್ವನನ್ನೇ ತೂಗದೆ ಮಲಗಿಸಲು ಹೊರಟಿದ್ದರು ಎಂಬುದೇ ನನ್ನ ಈ ಬರೆಹಕ್ಕೆ ಕಾರಣ.

ಆಕೆಗೆ ಆಗ 78 ವರ್ಷ. ಹಿತ್ತಲಲ್ಲಿ ಜಾರಿ ಮಣಿಕಟ್ಟಿನ ಮೂಳೆ ಮುರಿದುಕೊಂಡಳು. ಪಕ್ಕದ ಪಟ್ಟಣದ ಒಂದು ಆಸ್ಪತ್ರೆಗೆ ಕರೆದೊಯ್ದೆವು, ಹೆಸರು ಬೇಡ. ಚೀಟಿಯಲ್ಲಿ ಯಾರೋ ಕಣ್ಣಳತೆಯಲ್ಲಿ ‘60 ಕಿಲೋ’ ಎಂದು ಗೀಚಿದ್ದರು. ಹಾಲಿನಂಥ ಬಿಳಿಯ ಮದ್ದು ಸಿರಿಂಜಿಗೆ ಏರುತ್ತಿತ್ತು. ಆಗ ವಯಸ್ಸಾದ ನರ್ಸಮ್ಮ ಒಬ್ಬರು, “ಅಜ್ಜೀನ ತೂಕ ಮಾಡಿದ್ರಾ?” ಎಂದರು. ಯಾರೂ ಮಾಡಿರಲಿಲ್ಲ. “ನಾನೇನು ಗೂಡಾ, ತೂಗೋಕೆ?” ಎಂದು ಗೊಣಗುತ್ತಲೇ ಅವ್ವ ನಿಂತಳು. ಮುಳ್ಳು ತೋರಿಸಿದ್ದು 41.

ನಾನು ಹುಡುಗನಾಗಿದ್ದಾಗ ನಮ್ಮ ಕಡೆ ಮೂಳೆ ಕೂಡಿಸುವವರಿಗೆ ಈ ಚಿಂತೆಯೇ ಇರಲಿಲ್ಲ. ನಾಲ್ವರು ಅದುಮಿ ಹಿಡಿದರೆ ಅದೇ ಅರಿವಳಿಕೆ. ಶಸ್ತ್ರಕ್ಕೆ ಮೊದಲು ಮದ್ಯ ಕುಡಿಸಬೇಕೆಂದು ಸುಶ್ರುತನೇ ಹೇಳಿದ್ದಾನೆ. 1846ರಲ್ಲಿ ಬಾಸ್ಟನ್ನಿನಲ್ಲಿ ಈಥರ್, ಮರುವರ್ಷ ಎಡಿನ್‌ಬರೋದಲ್ಲಿ ಕ್ಲೋರೋಫಾರ್ಮ್ ಬಳಕೆಗೆ ಬಂದವು. ಕ್ಲೋರೋಫಾರ್ಮಿನಿಂದ ರೋಗಿಗಳು ಏಕೆ ಸಾಯುತ್ತಾರೆಂದು ತಿಳಿಯಲು ಹೈದರಾಬಾದಿನಲ್ಲಿ ನಿಜಾಮರ ಹಣದಿಂದ 1888 ಮತ್ತು 1889ರಲ್ಲಿ ಎರಡು ಆಯೋಗಗಳು ಕುಳಿತವು. ಎಡ್ವರ್ಡ್ ಲಾರಿ ಎಂಬ ವೈದ್ಯರ ತೀರ್ಪು: ಉಸಿರನ್ನು ನೋಡಿಕೊಂಡರೆ ಸಾಕು, ಹೃದಯಕ್ಕೆ ಭಯವಿಲ್ಲ. ಅರ್ಧ ಸರಿ, ಅರ್ಧ ತಪ್ಪು. ಹೃದಯವೂ ಹಠಾತ್ತನೆ ಕೆಡಬಲ್ಲುದೆಂದು 1911ರಲ್ಲಿ ಗುಡ್‌ಮನ್ ಲೆವಿ ತೋರಿಸಿಕೊಟ್ಟರು. ಆದರೆ ‘ಉಸಿರನ್ನು ನೋಡು’ ಎಂಬ ಮಾತು ಇಂದಿಗೂ ಹಳತಾಗಿಲ್ಲ.

ನರಕ್ಕೆ ಚುಚ್ಚಿ ಕ್ಷಣದಲ್ಲಿ ನಿದ್ರೆ ತರಿಸುವ ಥಯೋಪೆಂಟಾಲ್ 1934ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು. ಆಗ ನಮ್ಮ ಕೊಳ್ಳೇಗಾಲ, ಹನೂರುಗಳು ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. ಪಕ್ಕದ ಯಳಂದೂರು, ದಿವಾನ್ ಪೂರ್ಣಯ್ಯನವರ ಮನೆತನದ ಜಹಗೀರು, ಮೈಸೂರಿನಲ್ಲಿತ್ತು. 1956ರಲ್ಲಿ ಗಡಿ ಅಳಿಸಿತು. 1941ರ ಡಿಸೆಂಬರ್‌ನಲ್ಲಿ ಪರ್ಲ್ ಹಾರ್ಬರ್ ಮೇಲೆ ದಾಳಿಯಾದಾಗ, ರಕ್ತ ಸೋರಿ ನಿತ್ರಾಣರಾದವರಿಗೆ ಗಟ್ಟಿಮುಟ್ಟಾದವರ ಪ್ರಮಾಣವನ್ನೇ ಚುಚ್ಚಿ ಕೆಲವರನ್ನು ಕಳೆದುಕೊಂಡರು. ಸತ್ತವರ ಲೆಕ್ಕವನ್ನು ಬಾಯಿಮಾತು ಬಹಳ ಹಿಗ್ಗಿಸಿತೆಂದು ಮುಂದಿನ ಸಂಶೋಧಕರು ಕಂಡುಕೊಂಡರು. ಪಾಠ ಮಾತ್ರ ಉಳಿಯಿತು: ಮದ್ದು ಒಂದೇ ಆದರೂ ಮೈ ಒಂದೇ ಅಲ್ಲ.

1962ರಲ್ಲಿ ಕ್ಯಾಲ್ವಿನ್ ಸ್ಟೀವನ್ಸ್ ತಯಾರಿಸಿದ ಕೆಟಮಿನ್, ಹನೂರಿನ ಬೆಟ್ಟದ ಹಳ್ಳಿಗಳಂಥ ಜಾಗಗಳಿಗಾಗಿಯೇ ಹುಟ್ಟಿದಂತಿದೆ. 1964ರಲ್ಲಿ ಅದನ್ನು ಮೊದಲು ಮಿಷಿಗನ್ನಿನ ಸೆರೆಮನೆಯ ಕೈದಿಗಳ ಮೇಲೆ ಪರೀಕ್ಷಿಸಿದರೆಂಬುದು ಅದರ ಚರಿತ್ರೆಯ ಕಹಿ. ನರಕ್ಕಾದರೆ ದೇಹದ ಪ್ರತಿ ಕಿಲೋಗೆ 1ರಿಂದ 2 ಮಿಲಿಗ್ರಾಂ. ಮಾಂಸಖಂಡಕ್ಕಾದರೆ ಹಲವು ಪಟ್ಟು ಹೆಚ್ಚು. ನೋವನ್ನೂ ಅಳಿಸುತ್ತದೆ, ಉಸಿರನ್ನು ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ. ಆದರೆ ರಕ್ತದೊತ್ತಡ ಏರುತ್ತದೆ. ಎಚ್ಚರಾಗುವಾಗ ಭಯಂಕರ ಕನಸುಗಳು ಕಾಡಬಹುದು. ವಿಶ್ವ ಆರೋಗ್ಯ ಸಂಸ್ಥೆ 1985ರಲ್ಲಿ ಇದನ್ನು ಅವಶ್ಯಕ ಔಷಧಿಗಳ ಪಟ್ಟಿಗೆ ಸೇರಿಸಿತು. ದುರ್ಬಳಕೆ ಹೆಚ್ಚಿದ್ದರಿಂದ ನಮ್ಮ ಸರ್ಕಾರ 2013ರಲ್ಲಿ ಇದರ ಮಾರಾಟವನ್ನು ಬಿಗಿಗೊಳಿಸಿತು.

ಅವ್ವನಿಗೆ ಕಾದಿದ್ದ ಬಿಳಿಯ ಮದ್ದು ಪ್ರೊಪೊಫಾಲ್. ಇದನ್ನು ಕಂಡುಹಿಡಿದವರು ಪಶುವೈದ್ಯರಾದ ಜಾನ್ ಗ್ಲೆನ್, ಕಾಲ 1973. ನೀರಿನಲ್ಲಿ ಕರಗದ ಈ ಮದ್ದನ್ನು ಮೊದಲು ಬೆರೆಸಿದ ದ್ರಾವಣ ಕೆಲವರಿಗೆ ಒಗ್ಗದೆ ಅಪಾಯವಾಯಿತು. ಕೊನೆಗೆ ಸೋಯಾ ಎಣ್ಣೆ, ಮೊಟ್ಟೆಯ ಲೆಸಿಥಿನ್‌ಗಳಲ್ಲಿ ಕದಡಿ 1986ರಲ್ಲಿ ಮಾರುಕಟ್ಟೆಗೆ ತಂದರು. ಹಾಲಿನ ಬಣ್ಣ ಬಂದದ್ದು ಹಾಗೆ. ಅಂಥ ಕೊಬ್ಬಿನಲ್ಲಿ ರೋಗಾಣು ಬೇಗ ಬೆಳೆಯುವುದರಿಂದ, ಒಡೆದ ಸೀಸೆಯನ್ನು ಇಟ್ಟುಕೊಳ್ಳಬಾರದು. ನಿದ್ರೆ ಹಿತ, ಎಚ್ಚರ ಶೀಘ್ರ. ಆದರೆ ನೋವು ಕಳೆಯುವ ಗುಣವಿಲ್ಲ, ಉಸಿರು ನಿಲ್ಲಬಹುದು, ಒತ್ತಡ ಕುಸಿಯಬಹುದು, ಪ್ರತಿಮದ್ದೂ ಇಲ್ಲ. 2009ರಲ್ಲಿ ಗಾಯಕ ಮೈಕೆಲ್ ಜಾಕ್ಸನ್ ಸತ್ತದ್ದು ಇದನ್ನು ಮನೆಯ ಮಲಗುವ ಕೋಣೆಗೆ ತಂದದ್ದರಿಂದ.

ಈಗ ಲೆಕ್ಕ ನೋಡಿ. ಆರೋಗ್ಯವಂತ ಯುವಕರಿಗೆ ಕಿಲೋಗೆ 2 ಮಿಲಿಗ್ರಾಂ ಎಂದರೆ 60 ಕಿಲೋಗೆ 120. ವೃದ್ಧರಿಗೆ ಕಿಲೋಗೆ 1 ಎಂದರೆ, ಅವ್ವನ 41 ಕಿಲೋಗೆ 41 ಮಿಲಿಗ್ರಾಂ ಮಾತ್ರ. ಅದೂ ನಿಧಾನವಾಗಿ, ಉಸಿರು ನೋಡುತ್ತ. ಸಿರಿಂಜಿನಲ್ಲಿ 12 ಮಿಲಿಲೀಟರಿಗೂ 4ಕ್ಕೂ ಇರುವ ಅಂತರ. ಆ ಎಂಟು ಮಿಲಿಲೀಟರಿನಲ್ಲಿ ನನ್ನ ತಾಯಿ ಇದ್ದಳು.

ಮೂಳೆ ಕೂಡಿತು. ಆಕ್ಸಿಜನ್ ಪಕ್ಕದಲ್ಲೇ ಇತ್ತು, ಆ ನರ್ಸಮ್ಮ ತಲೆಯ ಬಳಿ ನಿಂತು ಕೊನೆಯವರೆಗೂ ಆಕೆಯ ಎದೆಯ ಏರಿಳಿತವನ್ನೇ ನೋಡುತ್ತಿದ್ದರು. ಹೈದರಾಬಾದಿನ ಆಯೋಗದ ಹೆಸರನ್ನು ಅವರು ಕೇಳಿದ್ದರೋ ಇಲ್ಲವೋ ಕಾಣೆ. ಓದುಗರಲ್ಲಿ ನನ್ನದೊಂದೇ ಬಿನ್ನಹ: ನಿಮ್ಮ ಮನೆಯ ಹಿರಿಯರನ್ನು ಮಲಗಿಸುವ ಮುನ್ನ, ತೂಕ ನೋಡಿದಿರಾ, ಉಸಿರು ನೋಡುವವರು ಯಾರು ಎಂದು ಸಂಕೋಚವಿಲ್ಲದೆ ಕೇಳಿ. ಗೂಡನ್ನು ತೂಗುವ ನಾವು ತಾಯಿಯನ್ನು ಅಂದಾಜಿಗೆ ಬಿಡಬಾರದು.